ಠಾಣೆಯವರೂ ಏರಿಯಾ ಹುಡುಗರೂ: ಒಂದು ವರ್ಷದ ಒಡನಾಟ ಕಟ್ಟುವವರಿಗೆ ಮಾರ್ಗದರ್ಶಿ

ನಮ್ಮ ಊರುಗಳಲ್ಲಿ ಪೊಲೀಸರು ಹದಿಹರೆಯದ ಹುಡುಗರನ್ನು ಮಾತನಾಡಿಸುವುದು ಹೆಚ್ಚಾಗಿ ಎರಡು ಸಂದರ್ಭಗಳಲ್ಲಿ. ಗಣೇಶ ಕೂರಿಸಲು ಪರ್ಮಿಷನ್ ಕೇಳಲು ಹೋದಾಗ, ಇಲ್ಲವೇ ಬೈಕ್ ಹಿಡಿದಾಗ. ಮೊದಲನೆಯದರಲ್ಲಿ ಹುಡುಗರು ಕೈಕಟ್ಟಿ ನಿಂತಿರುತ್ತಾರೆ, ಎರಡನೆಯದರಲ್ಲಿ ಗೊತ್ತಿರುವ ಯಾರಿಗೋ ಫೋನ್ ಹಚ್ಚುತ್ತಿರುತ್ತಾರೆ. ಹುಡುಗಿಯರಿಗೆ ಅಷ್ಟೂ ಇಲ್ಲ. ಠಾಣೆ ಮೆಟ್ಟಿಲು ಹತ್ತಿದರೆ ಮನೆ ಮರ್ಯಾದೆ ಹೋಯಿತು ಎಂಬ ಮಾತು ಕೇಳಿಯೇ ಬೆಳೆದಿರುತ್ತಾರೆ. ಇಂಥ ಕಡೆ ‘ಪೊಲೀಸರು ನಿಮ್ಮ ಸ್ನೇಹಿತರು’ ಎಂದು ಬ್ಯಾನರ್ ಕಟ್ಟಿ ಒಂದು ಗಂಟೆ ಭಾಷಣ ಮಾಡಿಸಿದರೆ ಬ್ಯಾನರ್ ಅಂಗಡಿಯವನಿಗೆ ಬಿಟ್ಟು ಬೇರೆ ಯಾರಿಗೂ ಲಾಭವಿಲ್ಲ.

ಅದಕ್ಕಿಂತ ಗಟ್ಟಿಯಾದದ್ದೇನಾದರೂ ಮಾಡಬೇಕು ಅಂದುಕೊಂಡಿರುವ ಹೈಸ್ಕೂಲು ಮೇಷ್ಟ್ರು, ಯುವಕ ಸಂಘದವರು, ಹೊಸದಾಗಿ ಚಾರ್ಜ್ ತೆಗೆದುಕೊಂಡ ಪಿಎಸ್‌ಐ ಇವರಿಗಾಗಿ ಈ ಬರಹ. ಲೆಕ್ಕಾಚಾರ ಚಿಕ್ಕದು: ಹನ್ನೆರಡರಿಂದ ಹದಿನೈದು ಮಕ್ಕಳು, ಮೂವರು ಪೊಲೀಸರು, ಒಂದು ವರ್ಷ. ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ತಿದ್ದುವ ಕಾರ್ಯಕ್ರಮ ಎಂದುಕೊಂಡು ಹೊರಟರೆ ಇದು ಕೆಡುತ್ತದೆ. ಮಕ್ಕಳು ಪೊಲೀಸರನ್ನು ನಂಬಬೇಕಾದರೆ ಪೊಲೀಸರು ನಡೆದುಕೊಳ್ಳುವ ರೀತಿಯಲ್ಲೂ ಏನಾದರೂ ಬದಲಾಗಬೇಕು. ಕೆಳಗಿನ ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಕಿಯವರ ಪಾಲಿನವೇ.

ಮೊದಲ ಹೆಜ್ಜೆ: ಇರುವ ಯೋಜನೆಗೆ ಜೋಡಿಸಿಕೊಳ್ಳಿ

ಠಾಣೆಗೆ ಹೋಗಿ ‘ಹೊಸ ಕಾರ್ಯಕ್ರಮ’ ಅಂದರೆ ಯಾರೂ ಕಿವಿಗೊಡುವುದಿಲ್ಲ. ಬಂದೋಬಸ್ತು, ಸಮನ್ಸ್, ಕೋರ್ಟ್ ಡ್ಯೂಟಿಯಲ್ಲೇ ಅವರು ಹೈರಾಣಾಗಿರುತ್ತಾರೆ. ಹಾಗಾಗಿ ಅವರು ಹೇಗೂ ಮಾಡಲೇಬೇಕಾದ ಕೆಲಸದೊಳಗೆ ನಿಮ್ಮದನ್ನು ಸೇರಿಸಿ.

ಅಂಥ ಕೊಕ್ಕೆಗಳು ಮೂರ್ನಾಲ್ಕು ಇವೆ. ಒಂದು, ಶಾಲಾ ಮಕ್ಕಳನ್ನು ಠಾಣೆಗೆ ಕರೆಸಿ ಅಲ್ಲಿನ ಕೆಲಸ ತೋರಿಸುವ ‘ತೆರೆದ ಮನೆ’. ಸಾಮಾನ್ಯವಾಗಿ ಗುರುವಾರ ಸಂಜೆ ನಡೆಯುವಂಥದ್ದು. ಎರಡು, ಬೀಟ್. 2017ರಲ್ಲಿ ರಾಜ್ಯದಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆಯಿಂದಾಗಿ ನಿಮ್ಮ ಬೀದಿಗೂ ಹೆಸರು ಹಿಡಿದು ಹೇಳಬಹುದಾದ ಒಬ್ಬ ಬೀಟ್ ಪೊಲೀಸ್ ಇದ್ದಾರೆ. 2025ರಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಅವರನ್ನು ಬಾಗಿಲವರೆಗೂ ತಂದಿದೆ. ಮೂರು, 2015ರ ಬಾಲನ್ಯಾಯ ಕಾಯ್ದೆಯ 107ನೇ ಸೆಕ್ಷನ್. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಲೇಬೇಕು ಎನ್ನುತ್ತದೆ ಅದು. ಠಾಣೆಗೆ ಹೋದಾಗ ಮೊದಲು ಕೇಳಬೇಕಾದದ್ದು ಇವರನ್ನೇ.

ನಾಲ್ಕನೆಯದು ಸ್ಟೂಡೆಂಟ್ ಪೊಲೀಸ್ ಕೆಡೆಟ್, ಎಸ್‌ಪಿಸಿ. ಕಾಸರಗೋಡು ಕಡೆಯ ಕನ್ನಡಿಗರಿಗೆ ಇದನ್ನು ಪರಿಚಯಿಸಬೇಕಿಲ್ಲ. ಐಪಿಎಸ್ ಅಧಿಕಾರಿ ಪಿ. ವಿಜಯನ್ ಅವರ ಮುಂದಾಳತ್ವದಲ್ಲಿ ಕೇರಳದ ಪೊಲೀಸ್ ಮತ್ತು ಶಿಕ್ಷಣ ಇಲಾಖೆಗಳು ಸೇರಿ 2010ರ ಆಗಸ್ಟ್ 2ರಂದು ಆರಂಭಿಸಿದ್ದು. ಅಲ್ಲಿ ಒಂದು ಶಾಲೆಯ ತಂಡಕ್ಕೆ 44 ಮಕ್ಕಳು, 22 ಹುಡುಗರು, 22 ಹುಡುಗಿಯರು. ಶಾಲೆಯ ಶಿಕ್ಷಕರೇ ‘ಕಮ್ಯುನಿಟಿ ಪೊಲೀಸ್ ಆಫೀಸರ್’ ಆಗಿ ತಂಡ ನಡೆಸುತ್ತಾರೆ, ಪೊಲೀಸರು ಡ್ರಿಲ್ ಹೇಳಿಕೊಡುತ್ತಾರೆ. 2018ರ ಜುಲೈ 21ರಂದು ಗುರುಗ್ರಾಮದಲ್ಲಿ ಕೇಂದ್ರ ಗೃಹ ಇಲಾಖೆ ಇದನ್ನು ದೇಶದ ಮಟ್ಟಕ್ಕೆ ತಂದಿತು. 8 ಮತ್ತು 9ನೇ ತರಗತಿಯವರಿಗೆ ತಿಂಗಳಿಗೊಂದು ತರಗತಿ, ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಪ್ರತಿ ಶಾಲೆಗೆ 50,000 ರೂಪಾಯಿ ಎಂದು ಆಗ ಹೇಳಿದ್ದರು. ನಿಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಈ ಘಟಕ ಇದ್ದರೆ ಅರ್ಧ ಕೆಲಸ ಆದಂತೆ.

ಅರ್ಧ ಮಾತ್ರ. ಎಸ್‌ಪಿಸಿಗೆ ಬರುವವರು ಸಾಮಾನ್ಯವಾಗಿ ಮೇಷ್ಟ್ರು ಆರಿಸಿದ ಮಕ್ಕಳು: ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡು ಬರುವವರು, ಸಾಲು ತಪ್ಪದವರು. ಅವರಿಗೆ ಪೊಲೀಸರ ಮೇಲೆ ಅಂಥ ಸಿಟ್ಟೇನೂ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದವರಿಗಾಗಿ, ಶಾಲೆ ಬಿಟ್ಟವರಿಗಾಗಿ ಕೇರಳ ಪೊಲೀಸರು ‘ಹೋಪ್’ ಎಂಬ ಬೇರೆಯದೇ ಯೋಜನೆ ಹೂಡಬೇಕಾಯಿತು.

ಮಕ್ಕಳ ಆಯ್ಕೆ

ಹದಿನೈದರಲ್ಲಿ ಐವರು ಮೇಷ್ಟ್ರು ಸೂಚಿಸಿದವರು ಇರಲಿ. ಐವರು ತಾವೇ ಬರುತ್ತೇವೆ ಎಂದವರು. ಉಳಿದ ಐವರು ಬೀಟ್ ಪೊಲೀಸ್‌ಗೆ ಆಗಲೇ ಮುಖಪರಿಚಯ ಇರುವವರು. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವವನು, ವ್ಹೀಲಿಂಗ್ ಮಾಡಿ ಸಿಕ್ಕಿಬಿದ್ದವನು, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಕೇಟರಿಂಗ್‌ಗೆ ಹೋಗುವವನು. ಈ ಕೊನೆಯ ಐವರಿಗಾಗಿಯೇ ಉಳಿದ ಹತ್ತು ಜನ ಎಂದರೂ ನಡೆಯುತ್ತದೆ, ಆದರೆ ಹಾಗಂತ ಯಾರಿಗೂ ಗೊತ್ತಾಗಕೂಡದು. ‘ದಾರಿ ತಪ್ಪಿದ ಮಕ್ಕಳಿಗೆ ಮಾರ್ಗದರ್ಶನ’ ಎಂದು ಹೆಸರಿಟ್ಟ ದಿನವೇ ಅವರು ಕಾಲು ಕೀಳುತ್ತಾರೆ. ಬರೀ ‘ಅಂಥವರನ್ನೇ’ ಒಂದೆಡೆ ಕೂರಿಸುವುದೂ ಕೆಟ್ಟದ್ದು. ಒಬ್ಬರನ್ನೊಬ್ಬರು ನೋಡಿ ಇನ್ನಷ್ಟು ಕಲಿಯುತ್ತಾರೆ.

ವಯಸ್ಸು 14ರಿಂದ 17. ಹದಿನೆಂಟು ದಾಟಿದವರನ್ನು ಇದೇ ಗುಂಪಿಗೆ ಸೇರಿಸಬೇಡಿ. ಕಾನೂನು ಇಬ್ಬರನ್ನೂ ಬೇರೆ ಬೇರೆಯಾಗಿ ನೋಡುತ್ತದೆ, ಮಾತೂ ಬೇರೆ ಆಗುತ್ತದೆ. ಹುಡುಗಿಯರು ಕನಿಷ್ಠ ಐದು ಜನ ಇರಬೇಕು. ಒಬ್ಬಳೋ ಇಬ್ಬರೋ ಇದ್ದರೆ ಮೂರನೇ ಸಲಕ್ಕೆ ಮನೆಯವರು ಕಳಿಸುವುದಿಲ್ಲ. ಒಂದೇ ಕೇರಿಯವರು, ಒಂದೇ ಜಾತಿಯವರು, ಒಂದೇ ಧರ್ಮದವರು ಆಗದಂತೆ ಕಣ್ಣಿಡಿ. ಊರಿನಲ್ಲಿ ಯಾವ ಕೇರಿಗೆ ಪೊಲೀಸ್ ಜೀಪು ಹೆಚ್ಚು ಹೋಗುತ್ತದೆ ಎಂಬುದು ನಿಮಗೂ ಗೊತ್ತು, ಅವರಿಗೂ ಗೊತ್ತು. ಆ ಕೇರಿಯ ಮಕ್ಕಳಿಲ್ಲದೆ ಶುರು ಮಾಡಬೇಡಿ.

ಪೊಲೀಸರ ಆಯ್ಕೆ

ಇನ್‌ಸ್ಪೆಕ್ಟರ್ ಬೇಡ. ಉದ್ಘಾಟನೆಗೆ ಬರಲಿ, ಸಂತೋಷ. ಆದರೆ ಇನ್‌ಸ್ಪೆಕ್ಟರ್ ಯಾವಾಗ ವರ್ಗವಾಗುತ್ತಾರೋ ಹೇಳಲಾಗದು, ಮೇಲಾಗಿ ಅವರೆದುರು ಕೆಳಗಿನ ಸಿಬ್ಬಂದಿಯೂ ಬಾಯಿ ಬಿಡುವುದಿಲ್ಲ. ನಿಮಗೆ ಬೇಕಾದದ್ದು ಒಬ್ಬ ಹೆಡ್ ಕಾನ್‌ಸ್ಟೆಬಲ್, ಒಬ್ಬ ಮಹಿಳಾ ಕಾನ್‌ಸ್ಟೆಬಲ್, ಮತ್ತು ಆ ಏರಿಯಾದ ಬೀಟ್ ಪೊಲೀಸ್. ಮೂವರು ಯಾಕೆಂದರೆ ಒಬ್ಬರಿಗೆ ಬಂದೋಬಸ್ತು ಬಿದ್ದರೂ ಇಬ್ಬರು ಉಳಿಯುತ್ತಾರೆ, ಒಬ್ಬರಿಗೆ ವರ್ಗವಾದರೂ ಗುಂಪು ಚದುರುವುದಿಲ್ಲ.

ಕ್ರೈಂ ಟೀಮಿನವರನ್ನು ಯಾವ ಕಾರಣಕ್ಕೂ ಹಾಕಬೇಡಿ. ನಿನ್ನೆ ರಾತ್ರಿ ಯಾರನ್ನೋ ಹುಡುಕಿಕೊಂಡು ಕೇರಿಗೆ ನುಗ್ಗಿದವರು ಇವತ್ತು ಕ್ಯಾರಂ ಆಡಲು ಬಂದರೆ ಮಕ್ಕಳು ಆಡುತ್ತಾರೆ, ನಂಬುವುದಿಲ್ಲ.

ಆಯ್ಕೆಯ ಪರೀಕ್ಷೆ ಸುಲಭ. ಚಹಾ ಅಂಗಡಿಯ ಹುಡುಗನನ್ನು ಆ ಕಾನ್‌ಸ್ಟೆಬಲ್ ಹೇಗೆ ಮಾತನಾಡಿಸುತ್ತಾರೆ ನೋಡಿ. ‘ಏಯ್, ಯಾವೂರೋ ನಿಂದು?’ ಎಂಬುದೇ ಬಾಯಿಗೆ ಬರುವವರು ಎಷ್ಟು ಒಳ್ಳೆಯವರಾದರೂ ಈ ಕೆಲಸಕ್ಕೆ ಒಗ್ಗಲು ತಡವಾಗುತ್ತದೆ. ಹುಡುಗರ ದೂರುಗಳಲ್ಲಿ ಲಾಠಿಗಿಂತ ಮೊದಲು ಬರುವುದು ಈ ಏಕವಚನ. ಸಲುಗೆಯ ಏಕವಚನ ಬೇರೆ, ಅದು ಆರು ತಿಂಗಳಾದ ಮೇಲೆ ತಾನಾಗಿ ಬಂದರೆ ಬರಲಿ. ಮೊದಲ ದಿನದಿಂದ ಹೆಸರು ಹಿಡಿದು, ‘ಬನ್ನಿ, ಕೂತ್ಕೊಳ್ಳಿ’ ಎಂದೇ ನಡೆಯಲಿ.

ಖಾಕಿ ಹಾಕಬೇಕೋ ಮಫ್ತಿಯಲ್ಲಿ ಬರಬೇಕೋ ಎಂದು ಕೇಳುವವರಿದ್ದಾರೆ. ಮೊದಲ ನಾಲ್ಕು ಭೇಟಿ ಮಫ್ತಿ, ಆಮೇಲೆ ಖಾಕಿ ಎಂಬುದು ನನ್ನ ಲೆಕ್ಕ. ಕೊನೆವರೆಗೂ ಮಫ್ತಿಯಲ್ಲೇ ಬಂದರೆ ಮಕ್ಕಳಿಗೆ ಒಬ್ಬ ಒಳ್ಳೆಯ ಅಣ್ಣ ಸಿಕ್ಕ ಹಾಗಾಗುತ್ತದೆಯೇ ಹೊರತು, ಪೊಲೀಸರ ಬಗೆಗಿನ ಭಯ ಇದ್ದಲ್ಲೇ ಇರುತ್ತದೆ. (2025ರಲ್ಲಿ ಕಾನ್‌ಸ್ಟೆಬಲ್‌ಗಳ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಟೋಪಿ ಬಂತಲ್ಲ, ಮೊದಲ ದಿನದ ಮಾತಿಗೆ ಅದಕ್ಕಿಂತ ಒಳ್ಳೆಯ ವಿಷಯ ಬೇಡ. ಹಳೆಯದು ಚೆನ್ನಾಗಿತ್ತೋ ಹೊಸದೋ ಎಂದು ಕೇಳಿ ಬಿಟ್ಟುಬಿಡಿ.)

ನಡುವಿನ ಗೋಡೆ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಓದಿ.

ಏರಿಯಾ ಹುಡುಗರ ಜೊತೆ ಪೊಲೀಸರಿಗೆ ಸಲುಗೆ ಬೆಳೆಯಿತು ಎಂದಾದ ಮೂರನೇ ತಿಂಗಳಿಗೆ ಠಾಣೆಯಲ್ಲಿ ಯಾರಿಗಾದರೂ ಒಂದು ಯೋಚನೆ ಬಂದೇ ಬರುತ್ತದೆ: ‘ಆ ಹುಡುಗರನ್ನ ಕೇಳ್ರೀ, ಗಾಂಜಾ ಯಾರು ತರ್ತಾರೆ ಅಂತ ಅವರಿಗೆ ಗೊತ್ತಿರುತ್ತೆ.’ ಗೊತ್ತಿರುತ್ತದೆ ನಿಜ. ಕೇಳಿದ ದಿನ ಕಾರ್ಯಕ್ರಮ ಮುಗಿಯಿತು. ಅಷ್ಟೇ ಅಲ್ಲ, ‘ಇನ್ಫಾರ್ಮರ್’ ಎಂದು ಹೆಸರು ಬಿದ್ದ ಹುಡುಗನಿಗೆ ಆ ಬೀದಿಯಲ್ಲಿ ಏನಾಗಬಹುದು ಎಂಬುದನ್ನು ಪೊಲೀಸರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದ ಮೊದಲ ಭೇಟಿಗೂ ಮುಂಚೆ ಠಾಣಾಧಿಕಾರಿಯ ಸಹಿಯೊಂದಿಗೆ ಅರ್ಧ ಪುಟದ ಒಪ್ಪಂದ ಮಾಡಿಕೊಳ್ಳಿ. ಅದರಲ್ಲಿ ಇರಬೇಕಾದದ್ದು: ಈ ಗುಂಪಿನ ಮಕ್ಕಳಿಂದ ಯಾವ ಕೇಸಿನ ಬಗ್ಗೆಯೂ ಮಾಹಿತಿ ಕೇಳುವುದಿಲ್ಲ. ಇಲ್ಲಿ ಆಡಿದ ಮಾತನ್ನು ತನಿಖೆಗೆ ಬಳಸುವುದಿಲ್ಲ. ಈ ಮಕ್ಕಳ ಹೆಸರುಗಳು ಠಾಣೆಯ ಯಾವ ರಿಜಿಸ್ಟರಿಗೂ ಹೋಗುವುದಿಲ್ಲ. ಈ ಮೂವರು ಸಿಬ್ಬಂದಿ ಗುಂಪಿನ ಮಗುವಿನ ಕೇಸಿನಲ್ಲಿ ತನಿಖಾ ತಂಡದಲ್ಲಿ ಇರುವುದಿಲ್ಲ.

ಗೋಡೆಗೆ ಎರಡು ಕಿಂಡಿಗಳಿವೆ, ಅವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ಯಾರಿಗಾದರೂ ಜೀವಾಪಾಯ ಇದೆ ಎಂದು ತಿಳಿದರೆ ಸುಮ್ಮನಿರಲಾಗದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರದಿ ಮಾಡಲೇಬೇಕು. ಇದು ಪೊಲೀಸರಿಗಷ್ಟೇ ಅಲ್ಲ, ಮೇಷ್ಟ್ರಿಗೂ, ನಿಮಗೂ ಅನ್ವಯ. ‘ನೀನು ಏನು ಹೇಳಿದರೂ ಯಾರಿಗೂ ಹೇಳೋದಿಲ್ಲ’ ಎಂಬ ಸುಳ್ಳು ಭರವಸೆ ಕೊಟ್ಟು ಆಮೇಲೆ ಕೈ ಮುಗಿಯುವುದಕ್ಕಿಂತ ಮೊದಲೇ ಇಷ್ಟು ಹೇಳಿಬಿಡುವುದು ಲೇಸು.

ಕಾಗದ ಪತ್ರ

ಎಸ್ಪಿ ಕಚೇರಿಯಿಂದ, ಬೆಂಗಳೂರಿನಂಥ ಕಮಿಷನರೇಟ್‌ನಲ್ಲಿ ಡಿಸಿಪಿ ಕಚೇರಿಯಿಂದ ಒಂದು ಅನುಮತಿ ಪತ್ರ. ಶಾಲೆಯ ಜೊತೆಯಾದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಪ್ಪಿಗೆ. ಪ್ರತಿ ಮಗುವಿನ ಪೋಷಕರ ಸಹಿ. ಸಹಿ ತೆಗೆದುಕೊಳ್ಳಲು ಪೊಲೀಸರನ್ನು ಮನೆಗೆ ಕಳಿಸಬೇಡಿ. ಬಾಗಿಲಿಗೆ ಪೊಲೀಸ್ ಬಂದರೆ ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ ಎಂಬ ಹೆದರಿಕೆಗೇ ಅಮ್ಮಂದಿರು ಬೇಡ ಎನ್ನುತ್ತಾರೆ. ನೀವೇ ಹೋಗಿ.

ಮಕ್ಕಳ ಸುರಕ್ಷತೆಯ ನಿಯಮಗಳು ಪೊಲೀಸರಿಗೂ ಒಂದೇ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಇರುವುದಿಲ್ಲ. ಮಗುವಿನ ಜೊತೆ ಖಾಸಗಿ ವಾಟ್ಸ್ಯಾಪ್ ಮಾತುಕತೆ ಇಲ್ಲ. ಒಂದು ಗುಂಪು, ಅದರಲ್ಲಿ ಇಬ್ಬರು ಶಿಕ್ಷಕರು ಇರಲಿ, ರಾತ್ರಿ ಎಂಟರ ನಂತರ ಮೌನ. ಇಲಾಖೆಯ ಗಾಡಿಯಲ್ಲಿ ಮಗುವನ್ನು ಒಂಟಿಯಾಗಿ ಮನೆಗೆ ಬಿಡುವಂತಿಲ್ಲ.

ಫೋಟೊ ವಿಷಯದಲ್ಲಿ ಜಗಳ ಬರುತ್ತದೆ, ತಯಾರಾಗಿರಿ. ಠಾಣೆಗೆ ಫೇಸ್‌ಬುಕ್ಕಿಗೆ ಹಾಕಲು ಫೋಟೊ ಬೇಕು. ಆದರೆ ಬೀಟ್ ಪೊಲೀಸ್‌ಗೆ ಮೊದಲೇ ಪರಿಚಯವಿದ್ದ ಆ ಐವರಲ್ಲಿ ಒಬ್ಬ ನಾಳೆ ಯಾವುದೋ ಪ್ರಕರಣದಲ್ಲಿ ಸಿಲುಕಿದರೆ ಅದೇ ಫೋಟೊ ಟಿವಿಯಲ್ಲಿ ಓಡುತ್ತದೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಮುಖ ಕಾಣದಂತೆ, ಬೆನ್ನ ಹಿಂದಿನಿಂದ, ಗುಂಪಿನದು ಒಂದು ಫೋಟೊ ಸಾಕು.

ಮೊದಲ ಮೂರು ತಿಂಗಳು ಏನು ಮಾಡುವುದು

ಠಾಣೆಯಲ್ಲಿ ಶುರು ಮಾಡಬೇಡಿ. ಶಾಲೆ ಮೈದಾನವೋ ಸಂಘದ ಕಟ್ಟಡವೋ ಸಾಕು. ಆಟದಿಂದ ಆರಂಭಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಆದರೆ ಪೊಲೀಸರ ತಂಡ ಒಂದು, ಹುಡುಗರ ತಂಡ ಇನ್ನೊಂದು ಎಂದು ಮಾಡಿದರೆ ಕೆಲಸ ಕೆಟ್ಟಿತು. ಎರಡೂ ಕಡೆ ಬೆರೆಸಿ. ಕಬಡ್ಡಿಯಲ್ಲಿ ಒಂದೇ ತಂಡದಲ್ಲಿ ಹೆಡ್ ಕಾನ್‌ಸ್ಟೆಬಲ್‌ನ ಕೈ ಹಿಡಿದು ಸರಪಳಿ ಕಟ್ಟಿದ ಹುಡುಗ ಮಾರನೇ ದಿನ ಸಿಗ್ನಲ್ಲಿನಲ್ಲಿ ತಲೆಯಾಡಿಸುತ್ತಾನೆ. ಹುಡುಗಿಯರು ಆಡುವಂಥದ್ದೂ ಇರಲಿ. ಥ್ರೋಬಾಲ್ ನಮ್ಮ ಹೈಸ್ಕೂಲುಗಳಲ್ಲಿ ಎಲ್ಲರಿಗೂ ಬರುತ್ತದೆ.

ಆಟ ಮುಗಿದ ಮೇಲಿನ ಇಪ್ಪತ್ತು ನಿಮಿಷದ ಹರಟೆಯಲ್ಲೇ ನಿಜವಾದ ಕೆಲಸ ನಡೆಯುವುದು. ಅವಲಕ್ಕಿಯೋ ಮಂಡಕ್ಕಿಯೋ ತರಿಸಿ, ನೆಲದ ಮೇಲೆ ಸುತ್ತಲೂ ಕೂತು. ಪೊಲೀಸರಿಗೂ ಕುರ್ಚಿ ಬೇಡ.

ನಾಲ್ಕನೆಯದೋ ಐದನೆಯದೋ ಭೇಟಿಗೆ ಪ್ರಶ್ನೆ ಪೆಟ್ಟಿಗೆ ಇಡಿ. ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಲಿ. ‘ಲಂಚ ತಗೊಳ್ತೀರಾ?’ ಎಂದು ಒಂದು ಚೀಟಿ ಖಂಡಿತ ಇರುತ್ತದೆ. ಅದನ್ನು ಮುಚ್ಚಿಡದೆ ಓದಬೇಕು, ಉತ್ತರಿಸಬೇಕು.

ಕಾನೂನಿನ ಪಾಠ ಬಂದಾಗ ಸಾಮಾನ್ಯವಾಗಿ ಆಗುವುದು ‘ಇದು ಮಾಡಬೇಡಿ, ಅದು ಮಾಡಬೇಡಿ’ ಪಟ್ಟಿ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 1983ರಲ್ಲಿ ಶುರುವಾದ ‘ಡೇರ್’ ಎಂಬ ಕಾರ್ಯಕ್ರಮದಲ್ಲಿ ಪೊಲೀಸರು ಶಾಲೆಗಳಿಗೆ ಹೋಗಿ ಡ್ರಗ್ಸ್ ವಿರುದ್ಧ ಪಾಠ ಮಾಡುತ್ತಿದ್ದರು. ದೇಶವಿಡೀ ಹಬ್ಬಿತು. ಆಮೇಲೆ ಸಾಲು ಸಾಲಾಗಿ ಬಂದ ಅಧ್ಯಯನಗಳು ಅದರಿಂದ ಹೇಳಿಕೊಳ್ಳುವಂಥ ದೀರ್ಘಕಾಲದ ಪರಿಣಾಮ ಕಾಣಲಿಲ್ಲ ಎಂದವು. ನಮ್ಮಲ್ಲಿ ಜೂನ್ 26 ಬಂದಾಗಲೆಲ್ಲ ಶಾಲೆಗಳಲ್ಲಿ ನಡೆಯುವ ಮಾದಕ ವಸ್ತು ವಿರೋಧಿ ಭಾಷಣಗಳನ್ನು ಕೇಳುವಾಗ ನನಗೆ ಅದೇ ನೆನಪಾಗುತ್ತದೆ.

ಪಾಠವನ್ನು ತಿರುಗಿಸಿ. ಮಕ್ಕಳ ಹಕ್ಕುಗಳನ್ನು ಪೊಲೀಸರ ಬಾಯಿಂದಲೇ ಹೇಳಿಸಿ. 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಹಿಡಿದ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಕೈಕೋಳ ಇಲ್ಲ. ಪೋಷಕರಿಗೆ ತಿಳಿಸಲೇಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಬೇರೆ ಠಾಣೆಯ ಸರಹದ್ದು ಎಂದು ದೂರುದಾರರನ್ನು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಅದು ಇದೆ. ಪೋಕ್ಸೋ ಪ್ರಕರಣದಲ್ಲಿ ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನೆಲ್ಲ ವಕೀಲರು ಹೇಳಿದರೆ ಅದು ಮಾಹಿತಿ. ಖಾಕಿ ತೊಟ್ಟವರೇ ‘ನಾವು ಹೀಗೆ ಮಾಡುವಂತಿಲ್ಲ’ ಎಂದರೆ ಮಕ್ಕಳು ಬೇರೆ ಥರ ಕೇಳಿಸಿಕೊಳ್ಳುತ್ತಾರೆ.

ಆಮೇಲೆ ಬೈಕಿನ ವಿಷಯ ತೆಗೆಯಿರಿ, ಕಿವಿ ನೆಟ್ಟಗಾಗುತ್ತದೆ. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿದರೆ 2019ರ ತಿದ್ದುಪಡಿಯಂತೆ ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೊನೆಯ ಸಾಲಿಗೆ ಹುಡುಗರು ಹೌಹಾರುತ್ತಾರೆ, ನೋಡಿ.

ಠಾಣೆಗೆ ಕರೆದೊಯ್ಯುವ ದಿನ

ಮೂರನೇ ತಿಂಗಳ ಹೊತ್ತಿಗೆ ಆಗಬಹುದು. ಸೆಂಟ್ರಿ ಯಾಕೆ ನಿಂತಿರುತ್ತಾರೆ, ರೈಟರ್ ಏನು ಬರೆಯುತ್ತಾರೆ, ಸ್ಟೇಷನ್ ಡೈರಿ ಎಂದರೇನು, ವೈರ್‌ಲೆಸ್‌ನಲ್ಲಿ ಬರುವ ಮಾತಿನ ಅರ್ಥ ಏನು, 112ಕ್ಕೆ ಫೋನ್ ಮಾಡಿದರೆ ಗಾಡಿ ಹೇಗೆ ಬರುತ್ತದೆ. ಒಂದು ದೂರನ್ನು ಮಕ್ಕಳ ಕೈಯಲ್ಲೇ ಬರೆಸಿ: ಸೈಕಲ್ ಕಳೆದಿದೆ ಎಂದುಕೊಳ್ಳಿ, ಯಾವಾಗ, ಎಲ್ಲಿ, ಯಾವ ಬಣ್ಣ. ಬರೆದದ್ದನ್ನು ರೈಟರ್ ಓದಿ ಏನು ಬಿಟ್ಟುಹೋಗಿದೆ ಎಂದು ಹೇಳಲಿ. ಮುಂದೆ ಮನೆಯಲ್ಲಿ ಯಾರಿಗಾದರೂ ದೂರು ಬರೆಯಬೇಕಾದಾಗ ಈ ಮಗುವೇ ಕೂತು ಬರೆಯುತ್ತದೆ.

ಲಾಕಪ್ ತೋರಿಸಿ ‘ನೋಡಿ, ತಪ್ಪು ಮಾಡಿದರೆ ಇಲ್ಲಿಗೇ’ ಎಂದು ಹೆದರಿಸುವ ಚಪಲ ಎಲ್ಲ ಠಾಣೆಗಳಲ್ಲೂ ಇದೆ. ಬೇಡ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿಗೆ ಪುಂಡ ಹುಡುಗರನ್ನು ಕರೆದೊಯ್ದು, ಜೀವಾವಧಿ ಕೈದಿಗಳಿಂದ ಬೈಸಿ ಹೆದರಿಸುವ ‘ಸ್ಕೇರ್ಡ್ ಸ್ಟ್ರೇಟ್’ ಎಂಬ ಪ್ರಯೋಗ ನಡೆಯಿತು. ಬಹಳ ಹೆಸರು ಮಾಡಿತು. ಅಂಥ ಕಾರ್ಯಕ್ರಮಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ್ದು, ಹಾಗೆ ಹೋಗಿ ಬಂದ ಹುಡುಗರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು ಎಂಬುದು.

ಸಿಟ್ಟಿನ ಮಾತು ಹೊರಬರುವ ದಿನ

ನಾಲ್ಕೈದು ತಿಂಗಳಾದ ಮೇಲೆ ಒಂದು ದಿನ ಯಾರಾದರೊಬ್ಬ ಹುಡುಗ ಇಂಥದ್ದೇನೋ ಕೇಳುತ್ತಾನೆ: ‘ಸಾರ್, ಹೋದ ವರ್ಷ ನಮ್ಮಣ್ಣನ್ನ ಸುಮ್‌ಸುಮ್ನೆ ಎತ್ತಾಕ್ಕೊಂಡು ಹೋಗಿ ಹೊಡೆದ್ರಲ್ಲ, ಯಾಕೆ?’ ಎಲ್ಲರೂ ಗಪ್‌ಚುಪ್. ಇಷ್ಟು ದಿನದ ಶ್ರಮ ಹಾಳಾಯಿತು ಎಂದು ಸಂಘಟಕರಿಗೆ ಬೆವರು ಬರುತ್ತದೆ. ಆದರೆ ಈ ಪ್ರಶ್ನೆ ಬರಲಿ ಎಂದೇ ಇಷ್ಟು ದಿನ ಮಂಡಕ್ಕಿ ತಿಂದದ್ದು. ವರ್ಷವಿಡೀ ಬರದೇ ಹೋದರೆ ಏನೋ ಸರಿಯಿಲ್ಲ ಎಂದರ್ಥ.

ಪೊಲೀಸರು ಇದಕ್ಕೆ ಮೊದಲೇ ತಯಾರಾಗಿರಬೇಕು. ಅವರ ಜೊತೆ ಒಂದು ಸಂಜೆ ಕೂತು ಅಭ್ಯಾಸ ಮಾಡಿಸಿದರೂ ತಪ್ಪಿಲ್ಲ. ಬಾಯಿಗೆ ತಟ್ಟನೆ ಬರುವ ಉತ್ತರ: ‘ಸುಮ್‌ಸುಮ್ನೆ ಯಾಕೆ ಹೊಡೀತಾರೆ? ಏನೋ ಮಾಡಿರ್ತಾನೆ.’ ಈ ಒಂದು ಸಾಲಿಗೆ ಹದಿನೈದೂ ಮಕ್ಕಳ ಮುಖ ಮುಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯ ಉತ್ತರವೂ ಇದೆ, ‘ಹೌದಪ್ಪ, ನಮ್ಮವರು ಎಲ್ಲ ಹಾಗೇ’ ಎಂದು ನಗುವುದು. ಅದು ಹುಡುಗನ ನೋವನ್ನು ಹರಟೆಗೆ ಹಾಕಿದಂತೆ.

ನಡುವೆ ಒಂದು ದಾರಿ ಇದೆ. ‘ನಾನು ಅವತ್ತು ಅಲ್ಲಿ ಇರಲಿಲ್ಲ, ಏನಾಯ್ತು ಅಂತ ನನಗೆ ಗೊತ್ತಿಲ್ಲ. ಆದರೆ ಠಾಣೆಯಲ್ಲಿ ಹೊಡೆಯೋ ಅಧಿಕಾರ ಕಾನೂನು ಯಾರಿಗೂ ಕೊಟ್ಟಿಲ್ಲ. ನಿಮ್ಮಣ್ಣ ದೂರು ಕೊಡಬೇಕು ಅಂದರೆ ಎಸ್ಪಿ ಸಾಹೇಬರ ಹತ್ತಿರ ಕೊಡಬಹುದು. ಅಲ್ಲೂ ಆಗಲಿಲ್ಲ ಅಂದರೆ ಪೊಲೀಸ್ ದೂರು ಪ್ರಾಧಿಕಾರ ಇದೆ, ಮಾನವ ಹಕ್ಕುಗಳ ಆಯೋಗ ಇದೆ.’ ಇಷ್ಟೇ. ಇಲಾಖೆಯನ್ನು ಸಮರ್ಥಿಸಬೇಕಿಲ್ಲ, ಬೈಯಬೇಕಿಲ್ಲ. ಒಬ್ಬ ಹೆಡ್ ಕಾನ್‌ಸ್ಟೆಬಲ್ ತನ್ನದೇ ಇಲಾಖೆಯ ಮೇಲೆ ದೂರು ಕೊಡುವ ವಿಳಾಸ ಹೇಳಿಕೊಟ್ಟರು ಎಂಬುದು ಆ ರಾತ್ರಿಯೇ ಇಡೀ ಕೇರಿಗೆ ಮುಟ್ಟುತ್ತದೆ.

ಅದಾದ ನಂತರ, ಅದೇ ದಿನವಲ್ಲ, ಮುಂದಿನ ಭೇಟಿಯಲ್ಲಿ, ಪೊಲೀಸರು ತಮ್ಮ ಕಷ್ಟ ಹೇಳಿಕೊಳ್ಳಲಿ. ಹಬ್ಬದ ದಿನವೂ ಬಂದೋಬಸ್ತು, ರದ್ದಾದ ವಾರದ ರಜೆ, ಕ್ವಾರ್ಟರ್ಸಿನ ಸೋರುವ ಸೂರು, ಮಗಳ ಶಾಲೆ ಕಾರ್ಯಕ್ರಮಕ್ಕೆ ಹೋಗಲಾಗದ್ದು. ಕ್ರಮ ಹಿಂದುಮುಂದು ಮಾಡಬೇಡಿ. ಹುಡುಗರ ಸಿಟ್ಟು ಕೇಳುವ ಮೊದಲೇ ಇದನ್ನು ಹೇಳಿದರೆ ಗೋಳಾಗುತ್ತದೆ.

ಎಷ್ಟು ಕಾಲ

ಒಂದು ವರ್ಷ ಎಂದದ್ದು ಸುಮ್ಮನೆ ಅಲ್ಲ. ಅಮೆರಿಕದಲ್ಲಿ 1904ರಿಂದ ಇರುವ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದೊಡ್ಡವರನ್ನು ಜೋಡಿಸುತ್ತದೆ. 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಜೊತೆ ಸಿಕ್ಕ ಮಕ್ಕಳು ಡ್ರಗ್ಸ್ ಶುರು ಮಾಡುವ ಸಾಧ್ಯತೆ ಜೊತೆ ಸಿಗದವರಿಗಿಂತ ಶೇ. 46ರಷ್ಟು ಕಡಿಮೆ ಇತ್ತು. ನನ್ನ ಕಣ್ಣು ನಿಂತದ್ದು 2002ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದವರ ಮಾತಿನ ಮೇಲೆ. ಒಂದು ವರ್ಷ ದಾಟಿದ ಜೋಡಿಗಳಲ್ಲಿ ಲಾಭ ಹೆಚ್ಚು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಬಗ್ಗೆಯೇ ಇದ್ದ ಭರವಸೆ ಕುಗ್ಗಿತ್ತು. ಅಂದರೆ ಅರ್ಧಕ್ಕೆ ಬಿಡುವುದು ಶುರುವೇ ಮಾಡದಿರುವುದಕ್ಕಿಂತ ಕೆಟ್ಟದ್ದು. ವರ್ಷಪೂರ್ತಿ ನಡೆಸುವ ಧೈರ್ಯ ಇಲ್ಲದಿದ್ದರೆ ‘ತೆರೆದ ಮನೆ’ಗೆ ಒಂದು ಸಲ ಮಕ್ಕಳನ್ನು ಕರೆದೊಯ್ದು ಬನ್ನಿ, ಅದೂ ಒಳ್ಳೆಯದೇ. ಒಡನಾಟದ ಆಸೆ ಹುಟ್ಟಿಸಬೇಡಿ.

ಗುಂಪಿನ ಹುಡುಗನೇ ಕೇಸಿನಲ್ಲಿ ಸಿಕ್ಕರೆ

ಸಿಗುವ ಸಾಧ್ಯತೆ ಇದೆ. ಹಾಗೆಂದೇ ಅವನನ್ನು ಸೇರಿಸಿಕೊಂಡದ್ದು. ಕೇಸು ಮುಚ್ಚಿಹಾಕಿಸುವುದು ಮಾರ್ಗದರ್ಶಕ ಪೊಲೀಸರ ಕೆಲಸವಲ್ಲ, ಹಾಗೆ ಮಾಡಿದರೆ ಉಳಿದ ಹದಿನಾಲ್ಕು ಮಕ್ಕಳು ‘ಪೊಲೀಸರ ಪರಿಚಯ ಇದ್ದರೆ ಸಾಕು’ ಎಂಬ ಹಳೆಯ ಪಾಠವನ್ನೇ ಮತ್ತೆ ಕಲಿಯುತ್ತಾರೆ. ಕಾನೂನು ಅವನಿಗೆ ಕೊಟ್ಟಿರುವುದೆಲ್ಲ ಸಿಗುವಂತೆ ನೋಡಿಕೊಂಡರೆ ಸಾಕು. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ಪ್ರಕಾರ, ಮಗು ಘೋರ ಅಪರಾಧ ಮಾಡಿದ ಆರೋಪ ಇದ್ದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್. ಉಳಿದವುಗಳಲ್ಲಿ ಡೈರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಆ ವರದಿ ಬರೆಯುವಾಗ ಹುಡುಗನನ್ನು ಬಲ್ಲ ಮೇಷ್ಟ್ರ ಮಾತಿಗೆ ಬೆಲೆ ಇದೆ. ಮನೆಗೆ ಸುದ್ದಿ ಮುಟ್ಟಿಸುವುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಕೊಡಿಸುವುದು, ಮಂಡಳಿಯಿಂದ ಹೊರಬಂದ ಮೇಲೆ ಮುಂದಿನ ಭೇಟಿಗೆ ಏನೂ ಆಗದವನಂತೆ ಕರೆಯುವುದು. ಈ ಕೊನೆಯದೇ ಕಷ್ಟದ್ದು, ಉಳಿದ ಪೋಷಕರು ತಕರಾರು ತೆಗೆಯುತ್ತಾರೆ. ಎದುರಿಸಿ.

ದುಡ್ಡು

ಹೆಚ್ಚು ಬೇಡ. ಒಂದು ಥ್ರೋಬಾಲು, ತಿಂಡಿ, ಠಾಣೆ ಭೇಟಿಗೆ ಗಾಡಿ ಬಾಡಿಗೆ. ಗ್ರಾಮ ಪಂಚಾಯಿತಿ, ಹಳೆ ವಿದ್ಯಾರ್ಥಿಗಳ ಸಂಘದಿಂದ ಎತ್ತಬಹುದು. ಬಾರ್ ಮಾಲೀಕರು, ಮರಳು ಗುತ್ತಿಗೆದಾರರು, ಚುನಾವಣೆಗೆ ನಿಲ್ಲುವವರು ಪ್ರಾಯೋಜಿಸುತ್ತೇವೆ ಎಂದು ಬಂದರೆ ಚಹಾ ಕೊಟ್ಟು ಕಳಿಸಿ. ಠಾಣೆಗೂ ಅವರಿಗೂ ಏನು ಲೆಕ್ಕವಿದೆ ಎಂಬುದು ಹುಡುಗರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆಯಿತೋ ಇಲ್ಲವೋ ತಿಳಿಯುವುದು ಹೇಗೆ

ಏರಿಯಾದಲ್ಲಿ ಅಪರಾಧ ಕಡಿಮೆ ಆಯಿತೇ ಎಂದು ಅಳೆಯಲು ಹೋಗಬೇಡಿ. ಹದಿನೈದು ಮಕ್ಕಳಿಂದ ಅದು ಕಾಣಿಸುವುದಿಲ್ಲ. ಕಾಣಿಸಿತು ಎಂದು ಯಾರಾದರೂ ವರದಿ ಬರೆದರೆ ಅನುಮಾನಪಡಿ. ಶುರುವಿನಲ್ಲಿ, ಆರನೇ ತಿಂಗಳಲ್ಲಿ, ಕೊನೆಯಲ್ಲಿ ಹೆಸರಿಲ್ಲದ ಚೀಟಿಯಲ್ಲಿ ಮೂರು ಪ್ರಶ್ನೆ ಕೇಳಿ. ನಿಮ್ಮ ಮೊಬೈಲ್ ಕಳ್ಳತನವಾದರೆ ಠಾಣೆಗೆ ಹೋಗುತ್ತೀರಾ? ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದರೆ ಏನು ಮಾಡುತ್ತೀರಿ? ಯಾರಾದರೂ ನಿಮ್ಮನ್ನು ಪೀಡಿಸಿದರೆ ಮೊದಲು ಯಾರಿಗೆ ಹೇಳುತ್ತೀರಿ? ಪೊಲೀಸರಿಗೂ ಮೂರು ಕೇಳಿ: ಈ ಏರಿಯಾದ ಎಷ್ಟು ಹುಡುಗರ ಹೆಸರು ಗೊತ್ತು? ರಾತ್ರಿ ಹತ್ತಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಹುಡುಗರು ನಿಂತಿದ್ದರೆ ಮೊದಲು ಏನು ಅನ್ನಿಸುತ್ತದೆ? ಹೋದ ಆರು ತಿಂಗಳಲ್ಲಿ ಯಾವ ಹುಡುಗನ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಯಿತು? ಮಕ್ಕಳ ಚೀಟಿ ಬದಲಾಗಿ ಪೊಲೀಸರ ಚೀಟಿ ಹಾಗೇ ಇದ್ದರೆ ಎರಡನೇ ವರ್ಷ ಸಿಬ್ಬಂದಿ ಬದಲಿ ಕೇಳಿ.

ಹಾಜರಿ ಇನ್ನೊಂದು ಲೆಕ್ಕ, ಅದರಲ್ಲೂ ಆ ಐವರದು. ಎಂಟನೇ ತಿಂಗಳಲ್ಲೂ ಅವರಲ್ಲಿ ಮೂವರು ಬರುತ್ತಿದ್ದರೆ ಬಹಳ ಚೆನ್ನಾಗಿ ನಡೆದಿದೆ. ಕರೆಯದೆ ಬರುವುದು ಎಲ್ಲಕ್ಕಿಂತ ದೊಡ್ಡದು: ಒಬ್ಬ ಹುಡುಗಿ ಗೆಳತಿಯ ಬಾಲ್ಯವಿವಾಹದ ಸುದ್ದಿ ಹಿಡಿದು ಮಹಿಳಾ ಕಾನ್‌ಸ್ಟೆಬಲ್‌ಗೆ ಫೋನ್ ಮಾಡುವುದು, ಅಥವಾ ತಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಆಮೇಲೆ ಹೇಳುವುದು. ಇಂಥದ್ದನ್ನು ಬರೆದಿಡಿ, ಹೆಸರಿಲ್ಲದೆ.

ವರ್ಗಾವಣೆ ಆದೇಶ ಬಂದೇ ಬರುತ್ತದೆ. ಬಂದಾಗ ಹೊರಡುವ ಕಾನ್‌ಸ್ಟೆಬಲ್ ಒಂದು ಕೊನೆಯ ಭೇಟಿಗೆ ಬರಲೇಬೇಕು, ಹೊಸಬರನ್ನು ಜೊತೆಗೆ ಕರೆತರಬೇಕು, ಪ್ರತಿ ಮಗುವನ್ನೂ ಹೆಸರು ಹೇಳಿ ಪರಿಚಯಿಸಬೇಕು. ಅರ್ಧ ಪುಟದ ಒಪ್ಪಂದಕ್ಕೆ ಹೊಸಬರ ಸಹಿ ಅದೇ ದಿನ ಆಗಬೇಕು, ಠಾಣಾಧಿಕಾರಿ ಬದಲಾದರೆ ಅವರದೂ. ಇದಕ್ಕೆ ಅನುಮತಿ ಪತ್ರ ಕೇಳುವಾಗಲೇ ಎಸ್ಪಿ ಕಚೇರಿಯಲ್ಲಿ ಒಂದು ಸಾಲು ಸೇರಿಸಿಕೊಳ್ಳಿ. ಆಮೇಲೆ ಕೇಳಿದರೆ ಫೈಲು ಹುಡುಕುವುದರಲ್ಲೇ ಎರಡು ತಿಂಗಳು ಹೋಗುತ್ತದೆ.